ಪುಟ ಆರರ ಪ್ರಭಾರ ತಂದೆ

ದೊಡ್ಡಬಳ್ಳಾಪುರ ತಾಲ್ಲೂಕು, ಮಧುರೆ ಹೋಬಳಿ, ಗುಂಡುತೋಪಿನಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕಳೆದ ಜೂನ್ ಆರಂಭಕ್ಕೆ ಹದಿನಾಲ್ಕು ಮಕ್ಕಳಿದ್ದು, ಅವರಿಗೆ ಹದಿನಾಲ್ಕು ಬಗೆಯ ಕುಟುಂಬಗಳಿದ್ದವು. ಈ ಅಂಶವು ನಮ್ಮ ಕಚೇರಿಯ ಗಮನಕ್ಕೆ ಬಂದಿರಲಿಲ್ಲ. ಗಮನಕ್ಕೆ ಬಾರದ ಕಾರಣ ಯಾರಿಗೂ ತೊಂದರೆಯಾಗಿರಲಿಲ್ಲ.

ನಮ್ಮ ಕಚೇರಿ ಎಂದರೆ ಮಕ್ಕಳ ಚಿತ್ರಪುಸ್ತಕ ಏಕರೂಪತಾ ಕೋಶ. ನಾನು ಅಲ್ಲಿ ದ್ವಿತೀಯ ದರ್ಜೆ ಸಹಾಯಕ. ನಡೆದದ್ದನ್ನು ನಡೆದಂತೆ ಕಡತದಲ್ಲಿ ಇಡುವುದು ನನ್ನ ಕೆಲಸ.

ವಿಷಯವನ್ನು ಗಮನಕ್ಕೆ ತಂದವರು ಆ ಶಾಲೆಯ ಶಿಕ್ಷಕಿ ಪ್ರಮೋದಾ. ಒಂದು ದಿನ ಅವರು ಮೂರನೇ ತರಗತಿಗೆ ಚಿತ್ರಪುಸ್ತಕ ಓದಿ ಹೇಳುತ್ತಿದ್ದರು. ಚಿತ್ರದಲ್ಲಿ ಅಪ್ಪ ಪೇಪರ್ ಓದುತ್ತಿದ್ದ, ಅಮ್ಮ ಸೌಟು ಹಿಡಿದಿದ್ದಳು, ಮಗ ಚೆಂಡು, ಮಗಳು ಬೊಂಬೆ. ಆಗ ಧನುಶ್ರೀ ಎಂಬ ಹುಡುಗಿ ಎದ್ದು ನಿಂತಳು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಅವಳನ್ನು ಸಾಕುತ್ತಿದ್ದವರು ಅಜ್ಜಿ ಮುನಿಗಂಗಮ್ಮ.

"ಮಿಸ್, ಇವ್ರ ಮನೇಲಿ ಅಜ್ಜಿ ಎಲ್ಲೋದ್ರು?"

"ಊರಿಗೆ ಹೋಗಿರ್ಬೇಕು ಕಣೇ."

"ಎಲ್ಲಾ ಪುಸ್ತಕದಲ್ಲೂ ಊರಿಗೇ ಹೋಗಿರ್ತಾರಾ?"

ಉತ್ತರವನ್ನು ಬಾಯಲ್ಲಿ ಹೇಳಿ ಮುಗಿಸುವ ಅಭ್ಯಾಸ ಪ್ರಮೋದಾ ಮಿಸ್ಸಿಗೆ ಇಲ್ಲದ್ದರಿಂದ, ಅವರು ಹದಿನಾಲ್ಕು ಮನೆಗೂ ಹೋಗಿ ಕೂತು ಬಂದು, ಮಕ್ಕಳ ಕೈಯಲ್ಲೇ ಬರೆಸಿ, ತಾವೂ ಬಣ್ಣ ತುಂಬಿ, 'ನಮ್ಮೂರ ಮನೆಗಳು' ಎಂಬ ಪುಸ್ತಕ ಮಾಡಿದರು. ಪುಟ ಆರರಲ್ಲಿ ಮುನಿಗಂಗಮ್ಮ, ಧನುಶ್ರೀ ಮತ್ತು ಒಂದು ಹಸು. ಪುಟ ಒಂಬತ್ತರಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಸಿಂಧು ಮತ್ತು ಸಂಘಮಿತ್ರ, ಇಬ್ಬರ ನಡುವೆ ಸ್ಕೂಟರಿನ ಮೇಲೆ ಅವರ ಮಗಳು ಅಕ್ಷತ. ಪುಟ ಹನ್ನೆರಡರಲ್ಲಿ ಶಾಲಾಭಿವೃದ್ಧಿ ಸಮಿತಿ ಅಧ್ಯಕ್ಷ ಪಾಪಯ್ಯನವರ ಹನ್ನೊಂದು ಜನರ ಮನೆ. ಆ ಪುಟದಲ್ಲಿ ಜಾಗ ಸಾಲದೆ ಇಬ್ಬರು ಮಾಳಿಗೆ ಮೇಲೆ ನಿಂತಿದ್ದರು.

ಮುನಿಗಂಗಮ್ಮ ಪುಸ್ತಕವನ್ನು ಬೆಳಗ್ಗೆ ಹಾಲಿನ ಡೈರಿಗೆ ಒಯ್ದು, ಸಾಲಿನಲ್ಲಿ ನಿಂತವರಿಗೆಲ್ಲ ತೋರಿಸಿದರು. "ನೋಡ್ರಲಾ, ನಾನು ಪುಸ್ತಕದಾಗೆ ಬಂದ್ಬಿಟ್ಟಿವ್ನಿ. ಹಸೂನೂ ಬಂದೈತೆ."

ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಪುಸ್ತಕ ಚೆನ್ನಾಗಿತ್ತು. ಚೆನ್ನಾಗಿದ್ದ ಕಾರಣ ನಮ್ಮ ಕೋಶವು ಅದನ್ನು ಜಿಲ್ಲೆಯ ಎಲ್ಲ ಶಾಲೆಗಳಿಗೂ ಮುದ್ರಿಸಿ ಹಂಚಲು ಆಯ್ಕೆ ಮಾಡಿತು. ಆಯ್ಕೆಯಾದ ಯಾವುದೇ ಪುಸ್ತಕವನ್ನು ತಿದ್ದತಕ್ಕದ್ದು ಎಂಬುದು ನಿಯಮ. ಅಧೀಕ್ಷಕರಾದ ರಾಮಾಂಜಿನಪ್ಪನವರು ಸುತ್ತೋಲೆ ತೆರೆದರು. ಅದರಲ್ಲಿ ಹೀಗಿದೆ: "ಕುಟುಂಬವೆಂದರೆ ತಂದೆ ಒಂದು, ತಾಯಿ ಒಂದು, ಮಕ್ಕಳು ಒಂದು ಅಥವಾ ಎರಡು. ಉಳಿದವರು ನೆಂಟರು. ನೆಂಟರು ಬಂದುಹೋಗತಕ್ಕದ್ದು."

ಊರಿನವರ ಅಭಿಪ್ರಾಯವನ್ನೂ ಪಡೆಯಲಾಯಿತು. ಅಂದರೆ ಪಾಪಯ್ಯನವರಿಗೆ ಫೋನ್ ಮಾಡಲಾಯಿತು. "ಎಲ್ಲಾರ ಮನೆನೂ ಒಂದೇ ತರ ತೋರ್ಸಿ ಸಾ," ಎಂದರು ಅವರು. "ಮಕ್ಳಿಗೆ ಗೊಂದಲ ಆಗ್ಬಾರ್ದು. ಅದ್ರಲ್ಲೂ ಆ ಒಂಬತ್ತನೇ ಪುಟ. ಎರಡು ಹೆಂಗಸ್ರು, ಒಂದು ಸ್ಕೂಟರು. ಏನ್ ಅರ್ಥ ಆಯ್ತದೆ ಮಕ್ಳಿಗೆ?"

ತಿದ್ದುವ ಕೆಲಸವನ್ನು ಮದುವೆ ಆಲ್ಬಂ ಮಾಡಿ ಅನುಭವವಿದ್ದ ಕಂಪ್ಯೂಟರ್ ಆಪರೇಟರಿಗೆ ವಹಿಸಲಾಯಿತು. ಮುನಿಗಂಗಮ್ಮನವರ ಕೂದಲಿಗೆ ಕಪ್ಪು ಬಳಿದು, ಮುಖದ ಗೆರೆಗಳನ್ನು ತೆಗೆದು, ಅರವತ್ತೆಂಟರಿಂದ ಮೂವತ್ತಕ್ಕೆ ಇಳಿಸಿ ತಾಯಿ ಮಾಡಲಾಯಿತು. ಪಕ್ಕದಲ್ಲಿ ಟೈ ಕಟ್ಟಿದ ಒಬ್ಬ ತಂದೆಯನ್ನು ನಿಲ್ಲಿಸಲಾಯಿತು. ಹಸುವಿನ ಬಗ್ಗೆ ಸುತ್ತೋಲೆಯಲ್ಲಿ ಏನೂ ಇಲ್ಲದ ಕಾರಣ ಅದನ್ನು ಹಾಗೇ ಬಿಡಲಾಯಿತು. ಸಿಂಧುಗೆ ಮೀಸೆ ಬರೆಯಲಾಯಿತು. ಪಾಪಯ್ಯನವರ ಮನೆಯಲ್ಲಿ ಮಗ ಭಾನುಪ್ರಕಾಶ್, ಸೊಸೆ, ಇಬ್ಬರು ಮೊಮ್ಮಕ್ಕಳನ್ನು ಉಳಿಸಿ ಏಳು ಜನರನ್ನು ಅಳಿಸಲಾಯಿತು. ಅಳಿಸುವಾಗ ಒಬ್ಬರ ಕೈ ಉಳಿದುಹೋಗಿದ್ದು, ಅದನ್ನು ಬಾಗಿಲಿನ ಚಿಲಕವೆಂದು ತಿಳಿಯಲು ಅವಕಾಶವಿದೆ.

ಐದು ಸಾವಿರ ಪ್ರತಿಗಳು ಮುದ್ರಣವಾಗಿ ಬಂದವು.

ಧನುಶ್ರೀ ಆರನೇ ಪುಟ ತೆಗೆದು ಬಹಳ ಹೊತ್ತು ನೋಡಿದಳು. "ಈ ಮಾಮ ಯಾರು ಮಿಸ್?" ಎಂದಳು. ಆಮೇಲೆ ಬೆರಳಿನಿಂದ ಆ ಕಪ್ಪು ಕೂದಲನ್ನು ಉಜ್ಜಿದಳು. ಅದು ಹೋಗಲಿಲ್ಲ. "ನಮ್ಮಜ್ಜೀನ ಎಲ್ಲಿಗೆ ಕಳ್ಸಿದ್ರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಳಲು ಶುರುಮಾಡಿದಳು. ಮಧ್ಯಾಹ್ನದ ಬಿಸಿಯೂಟವನ್ನೂ ಮಾಡಲಿಲ್ಲ. ಈ ಅಳುವಿನ ಬಗ್ಗೆ ಕಡತದಲ್ಲಿ ಟಿಪ್ಪಣಿ ಇಲ್ಲ. ಅದಕ್ಕೆ ಪ್ರತ್ಯೇಕ ನಮೂನೆ ಇಲ್ಲದಿರುವುದೇ ಕಾರಣ.

ಪ್ರಮೋದಾ ಮಿಸ್ ಅಂದೇ ಕಚೇರಿಗೆ ಪತ್ರ ಬರೆದರು. ಪುಸ್ತಕದಲ್ಲಿ ಊರಿನ ಹೆಸರಿದೆ, ಮನೆಯವರ ಹೆಸರಿದೆ, ಆದರೆ ಚಿತ್ರಕ್ಕೂ ನಿಜಕ್ಕೂ ತಾಳೆಯಾಗುತ್ತಿಲ್ಲ, ಆದ್ದರಿಂದ ಪುಸ್ತಕವನ್ನು ಹಿಂಪಡೆಯಬೇಕು ಎಂದು. ರಾಮಾಂಜಿನಪ್ಪನವರು ಪತ್ರವನ್ನು ಎರಡು ಸಲ ಓದಿದರು. ತಾಳೆಯಾಗದಿರುವುದು ಗಂಭೀರ ವಿಷಯ ಎಂದು ಅವರಿಗೆ ಮೊದಲ ಓದಿನಲ್ಲೇ ಅನ್ನಿಸಿತ್ತು.

"ಪುಸ್ತಕ ಎಷ್ಟಿವೆ?" ಎಂದು ನನ್ನನ್ನು ಕೇಳಿದರು.

"ಐದು ಸಾವಿರ ಸಾರ್."

"ಕುಟುಂಬ?"

"ಹದಿನಾಲ್ಕು."

"ಮತ್ತೆ? ಕಡಿಮೆ ಇರೋದನ್ನ ತಿದ್ದೋದು ಸುಲಭ ಅಲ್ವೇನ್ರೀ?"

ನಾನು ಒಪ್ಪಿದೆ. ಲೆಕ್ಕ ಸರಿಯಾಗಿಯೇ ಇತ್ತು.

ಹೀಗಾಗಿ 'ಕುಟುಂಬಗಳ ಮರುಹೊಂದಾಣಿಕೆ ಆದೇಶ' ಹೊರಬಿತ್ತು. ಪುಸ್ತಕದಲ್ಲಿ ಇಲ್ಲದವರನ್ನು ಹೆಚ್ಚುವರಿ ಎಂದು ಗುರುತಿಸಿ, ಖಾಲಿ ಸ್ಥಾನವಿರುವ ಮನೆಗಳಿಗೆ ಕೌನ್ಸೆಲಿಂಗ್ ಮೂಲಕ ನಿಯೋಜಿಸುವುದು. ಆಗಸ್ಟ್ ಮೊದಲ ವಾರ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಕೌನ್ಸೆಲಿಂಗ್ ನಡೆಯಿತು. ಹೆಚ್ಚುವರಿ ಪಟ್ಟಿಯಲ್ಲಿ ಮೊದಲ ಹೆಸರು ಪಾಪಯ್ಯನವರದ್ದಿತ್ತು.

"ಸ್ವಾಮಿ, ಮನೆ ನಂದು. ಖಾತೆ ನನ್ನ ಹೆಸ್ರಾಗೈತೆ!"

"ಖಾತೆ ಗೋಡೆಗೆ ಪಾಪಯ್ಯನೋರೆ. ಪುಸ್ತಕದಲ್ಲಿ ನೀವಿಲ್ವಲ್ಲ," ಎಂದರು ರಾಮಾಂಜಿನಪ್ಪ.

"ಗೊಂದಲ ಆಗ್ಬಾರ್ದು ಅಂತ ಹೇಳ್ದೋನೇ ನಾನು!"

"ಆ ಗೌರವಕ್ಕೇ ನಿಮ್ಮ ಹೆಸ್ರು ಮೊದ್ಲು ಹಾಕಿರೋದು."

ಈ ನಡುವೆ ಪುಟ ಒಂಬತ್ತರ ಸಿಂಧುಗೆ, ಏಳು ದಿನಗಳೊಳಗೆ ಮೀಸೆ ಬೆಳೆಸತಕ್ಕದ್ದು, ತಪ್ಪಿದಲ್ಲಿ ಕಾರಣ ನೀಡತಕ್ಕದ್ದು ಎಂದು ನೋಟಿಸ್ ಹೋಗಿತ್ತು. ಅದಕ್ಕೆ ಬಂದ ಲಿಖಿತ ಉತ್ತರ: "ಸದರಿ ಕಾಮಗಾರಿ ಪ್ರಗತಿಯಲ್ಲಿದೆ. ಸ್ಥಳ ಗುರುತಿಸಲಾಗಿದೆ." ಉತ್ತರವು ತೃಪ್ತಿಕರವಾಗಿತ್ತು. ಕಾಮಗಾರಿ ಮುಗಿಯುವವರೆಗೆ, ಈಗಾಗಲೇ ಮೀಸೆ ಇರುವ ಸದಸ್ಯರೊಬ್ಬರನ್ನು ಆ ಮನೆಗೆ ಹಾಕಬೇಕಾಯಿತು. ಹಾಜರಿದ್ದವರಲ್ಲಿ ಎದ್ದು ಕಾಣುವ ಮೀಸೆ ಪಾಪಯ್ಯನವರದ್ದೇ.

ಪುಟ ಆರರ ತಂದೆ ಸ್ಥಾನಕ್ಕೆ ಪಾಪಯ್ಯನವರ ತಮ್ಮ, ನಲವತ್ತಾರು ವರ್ಷದ ಅವಿವಾಹಿತ ಚಿಕ್ಕಬೀರಪ್ಪನನ್ನು ಪ್ರಭಾರ ತಂದೆಯಾಗಿ ಆರು ತಿಂಗಳ ಅವಧಿಗೆ ನೇಮಿಸಲಾಯಿತು. ಅಣ್ಣನ ಮನೆಯಲ್ಲಿ ದನ ನೋಡಿಕೊಂಡು, ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದ ಮನುಷ್ಯ. ಯಾರೂ ಅವನನ್ನು ಯಾವುದಕ್ಕೂ ನೇಮಿಸಿರಲಿಲ್ಲ. ಆದೇಶದ ಪ್ರತಿಯನ್ನು ಅವನು ಎರಡೂ ಕೈಯಲ್ಲಿ ಇಸಿದುಕೊಂಡ.

ಮುನಿಗಂಗಮ್ಮ ಬಾಗಿಲಲ್ಲೇ ತಡೆದರು. "ಲೇ ಬೀರ, ನಿನ್ ಮೂಗು ಒರ್ಸಿ ಬೆಳ್ಸಿದೋಳು ಕಣಲಾ ನಾನು. ಈಗ ನನ್ನ ಗಂಡ ಅಂತ ಬಂದೀಯಾ?"

"ಅಯ್ಯೋ ಅಕ್ಕ, ನಂಗೇನ್ ಗೊತ್ತು? ಆಡ್ರು ಕೊಟ್ಟವ್ರೆ," ಎಂದು ಅವನು ಹೊಸಲಿನ ಹೊರಗೇ ನಿಂತ.

ಈ ಕುರಿತು ಕಚೇರಿಯು ತಕ್ಷಣ ಸ್ಪಷ್ಟೀಕರಣ ನೀಡಿತು: "ಪ್ರಭಾರವು ತಂದೆಯ ಹುದ್ದೆಗೆ ಮಾತ್ರ ಸೀಮಿತವಾಗಿದ್ದು, ಗಂಡನ ಹುದ್ದೆಗೂ ಇದಕ್ಕೂ ಯಾವುದೇ ಸಂಬಂಧವಿರುವುದಿಲ್ಲ." ಮುನಿಗಂಗಮ್ಮ ಅದನ್ನು ಪ್ರಮೋದಾ ಮಿಸ್ ಕೈಲಿ ಓದಿಸಿಕೊಂಡು, ಅವನನ್ನು ಒಳಗೆ ಬಿಟ್ಟರು. ಪ್ರಭಾರ ವಹಿಸಿಕೊಂಡ ಪಟ್ಟಿಯಲ್ಲಿ "ಮಗಳು ಒಂದು, ಹಸು ಒಂದು (ಗಬ್ಬ)" ಎಂದಿದೆ. ಅಡುಗೆಮನೆಯ ಪ್ರಭಾರವನ್ನು ಮುನಿಗಂಗಮ್ಮ ಬಿಟ್ಟುಕೊಡಲಿಲ್ಲ.

ಚಿತ್ರದಲ್ಲಿ ತಂದೆಗೆ ಟೈ ಇದ್ದುದರಿಂದ ಚಿಕ್ಕಬೀರಪ್ಪನಿಗೂ ಒಂದು ಟೈ ಸರಬರಾಜಾಯಿತು. ಅವನು ಅದನ್ನು ಬನಿಯನ್ ಮೇಲೆ ಕಟ್ಟಿಕೊಂಡು, ಪಂಚೆ ಎತ್ತಿ ಕಟ್ಟಿ, ಬೆಳಗ್ಗೆ ಹಾಲಿನ ಕ್ಯಾನ್ ಹೊತ್ತು ಡೈರಿಗೆ ಹೋಗುತ್ತಿದ್ದ. ಮೊದಲ ದಿನ ಜನ ನಕ್ಕರು. ನಾಲ್ಕನೇ ದಿನ ಟೈ ಇಲ್ಲದೆ ಬಂದಾಗ "ಯಾಕ್ ಗುರು, ಇವತ್ತು ರಜಾನಾ?" ಎಂದು ಕೇಳಿದರು.

ಧನುಶ್ರೀ ಮೊದಲ ವಾರ ಅವನ ಜೊತೆ ಮಾತಾಡಲಿಲ್ಲ. ಎರಡನೇ ವಾರ ಅಜ್ಜಿಗೆ ಜ್ವರ ಬಂದಾಗ ಅವನೇ ಅವಳಿಗೆ ಜಡೆ ಹಾಕಬೇಕಾಯಿತು. ಅವನಿಗೆ ಗೊತ್ತಿದ್ದದ್ದು ಹಗ್ಗ ಹೊಸೆಯುವುದು. ಹಾಗೇ ಹೊಸೆದ. ಆ ಜಡೆ ಮೂರು ದಿನ ಬಿಚ್ಚಲಿಲ್ಲ. ತರಗತಿಯ ಹುಡುಗಿಯರೆಲ್ಲ ಎಳೆದು ನೋಡಿದರು, ಅಲ್ಲಾಡಲಿಲ್ಲ. ನಾಲ್ಕನೇ ದಿನ ಧನುಶ್ರೀ ಬಾಚಣಿಗೆ ಹಿಡಿದು ತಾನೇ ಬಂದು ಅವನ ಮುಂದೆ ಕೂತಳು. "ಬೀರಮಾಮ, ಇವತ್ತು ಎರಡು ಹಾಕು."

ಅತ್ತ ಪಾಪಯ್ಯನವರು ಒಂಬತ್ತನೇ ಪುಟದಲ್ಲಿ ಮೂರು ದಿನ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಗಾರ್ಮೆಂಟ್ಸ್ ವ್ಯಾನಿಗೆ ಹೊರಡುವ ಮುಂಚೆ ಸಂಘಮಿತ್ರ ಬಿಸಿ ಮುದ್ದೆ, ಅವರೆಕಾಳು ಸಾರು ಮುಚ್ಚಿಟ್ಟು ಹೋಗುತ್ತಿದ್ದಳು. ಅಲ್ಲಿ ಟಿವಿ ರಿಮೋಟನ್ನು ಯಾರೂ ಕಸಿಯುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಮಾತ್ರೆಯನ್ನು ಅಕ್ಷತ ಸಮಯಕ್ಕೆ ಸರಿಯಾಗಿ ನೆನಪಿಸುತ್ತಿದ್ದಳು. ನಾಲ್ಕನೇ ದಿನ ಅವರು ಸ್ಕೂಟರಿನ ಗಾಲಿಗೆ ಗಾಳಿ ಹೊಡೆಸಿಕೊಂಡು ಬಂದರು.

"ಮೀಸೆ ಕೆಲ್ಸ ಎಲ್ಲಿಗೆ ಬಂತಮ್ಮ?" ಎಂದು ಸಿಂಧುವನ್ನು ಕೇಳಿದರಂತೆ.

"ಸ್ವಲ್ಪ ನಿಧಾನ ಆಗ್ತೈತೆ ಮಾವ."

"ನಿಧಾನಕ್ಕೇ ಆಗ್ಲಿ ಬುಡು. ಅವಸರ ಏನೈತೆ?"

ನವೆಂಬರಿನಲ್ಲಿ ತಪಾಸಣೆ ನಡೆಯಿತು. ರಾಮಾಂಜಿನಪ್ಪನವರು ಪುಸ್ತಕ ತೆರೆದು ಹಿಡಿದು ಮನೆಮನೆಗೆ ಹೋದರು. ಹಿಂದೆ ನಾನು ಕಡತದೊಂದಿಗೆ. ಆರನೇ ಪುಟದ ಮನೆಯಲ್ಲಿ ಮುನಿಗಂಗಮ್ಮನವರ ಕೂದಲು ಬೆಳ್ಳಗೇ ಇದ್ದದ್ದು ಆಕ್ಷೇಪಕ್ಕೆ ಗುರಿಯಾಯಿತು. "ಮುದ್ರಣ ದೋಷ ಸ್ವಾಮಿ," ಎಂದರು ಆಕೆ. ಪ್ರಮೋದಾ ಮಿಸ್ ಹೇಳಿಕೊಟ್ಟದ್ದಿರಬೇಕು. ಮುದ್ರಣ ದೋಷಕ್ಕೆ ನಿಯಮಗಳಲ್ಲಿ ವಿನಾಯಿತಿ ಇದೆ.

"ಮಗು, ನಿಮ್ಮಪ್ಪ ಯಾರು?"

"ಬೀರಮಾಮ. ಆಗಸ್ಟಿಂದ."

ರಾಮಾಂಜಿನಪ್ಪನವರು 'ತಾಳೆಯಾಗಿದೆ' ಎಂದು ಬರೆದರು. ಹದಿನಾಲ್ಕು ಮನೆಗಳೂ ತಾಳೆಯಾದವು. ಗುಂಡುತೋಪಿನಹಳ್ಳಿಯನ್ನು ಜಿಲ್ಲೆಯ ಪ್ರಥಮ ಏಕರೂಪ ಗ್ರಾಮವೆಂದು ಘೋಷಿಸಿ ಊರ ಬಾಗಿಲಲ್ಲಿ ಫಲಕ ನೆಡಲಾಯಿತು. ಫಲಕದ ಹಿಂದೆ ಯಾರು ಯಾರ ಮನೆಯಲ್ಲಿ ಉಣ್ಣುತ್ತಾರೆ, ಯಾರ ಮನೆಯಲ್ಲಿ ಮಲಗುತ್ತಾರೆ, ಯಾರಿಗೆ ಏನಾಗಬೇಕು ಎಂಬುದು ಮಾತ್ರ ಕಚೇರಿಯವರಾದ ನಮಗೆ ತಿಳಿಯದಷ್ಟು ಬಗೆಯದ್ದಾಗಿತ್ತು. ಫಲಕಕ್ಕೆ ಅದರಿಂದ ಬಾಧಕವಿಲ್ಲ.

ಫೆಬ್ರವರಿಯಲ್ಲಿ ನಿಯೋಜನೆಯ ಅವಧಿ ಮುಗಿದು, ಎಲ್ಲರೂ ತಮ್ಮ ಮಾತೃಮನೆಗೆ ಮರಳತಕ್ಕದ್ದು ಎಂಬ ಆದೇಶ ಹೋಯಿತು. ಯಾರೂ ಮರಳಲಿಲ್ಲ. ಬದಲಿಗೆ ಅವಧಿ ವಿಸ್ತರಣೆ ಕೋರಿ ಅರ್ಜಿಗಳು ಬಂದವು. ಮುನಿಗಂಗಮ್ಮನವರ ಅರ್ಜಿಯಲ್ಲಿ ಕಾರಣದ ಕಾಲಮ್ಮಿನಲ್ಲಿ, "ಮಗಾ ಅವನ್ನ ಬುಡಾಕಿಲ್ಲ ಅಂತೈತೆ. ನಂಗೂ ವಯಸ್ಸಾಯ್ತು," ಎಂದಿತ್ತು. ಪಾಪಯ್ಯನವರ ಅರ್ಜಿಯಲ್ಲಿ, "ಮೀಸೆ ಕಾಮಗಾರಿ ವಿಳಂಬ" ಎಂದಿತ್ತು. ಎಲ್ಲವನ್ನೂ 'ಮುಂದಿನ ಆದೇಶದವರೆಗೆ' ಎಂದು ಮಂಜೂರು ಮಾಡಲಾಯಿತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದಿಂದಲೂ, ತಮ್ಮ ಹೋಬಳಿಗೆ ಎರಡು ಅಜ್ಜಿ ಹುದ್ದೆ ಕೊಡಬೇಕೆಂದು ಮನವಿ ಬಂದಿದ್ದು, ಪರಿಶೀಲನೆಯಲ್ಲಿದೆ.

ಮೊನ್ನೆ ಯುಗಾದಿಗೆ ಚಿಕ್ಕಬೀರಪ್ಪನಿಗೆ ಅಣ್ಣನ ಮಗ ಭಾನುಪ್ರಕಾಶನ ಮನೆಯಿಂದ ಊಟಕ್ಕೆ ಕರೆ ಬಂತು. ಪ್ರಭಾರದಲ್ಲಿರುವವರು ಕೇಂದ್ರಸ್ಥಾನ ಬಿಡುವ ಮುನ್ನ ರಜೆ ಪಡೆಯಬೇಕಲ್ಲ? ಮಂಜೂರು ಮಾಡುವ ಅಧಿಕಾರಿ ಯಾರು ಎಂದು ಅವನು ಕಚೇರಿಗೆ ಬಂದು ಕೇಳಿದ. ನಾವು ನಿಯಮಗಳನ್ನು ಮಗುಚಿ ನೋಡಿದೆವು. ತಂದೆಯ ಸೇವೆಯನ್ನು ಪಡೆಯುತ್ತಿರುವವರೇ ಸಕ್ಷಮ ಪ್ರಾಧಿಕಾರ ಎಂದು ತೀರ್ಮಾನವಾಯಿತು. ಅವನು ಅರ್ಧ ದಿನದ ಸಾಂದರ್ಭಿಕ ರಜೆಗೆ ಅರ್ಜಿ ಬರೆಸಿ, ಧನುಶ್ರೀಯ ಮುಂದೆ ಕೈಕಟ್ಟಿ ನಿಂತ. ಅವಳು ಪೆನ್ಸಿಲ್ ಕೆತ್ತಿಕೊಂಡು, ನಾಲಿಗೆ ಕಚ್ಚಿ, ಅರ್ಜಿಯ ಅಂಚಿನಲ್ಲಿ ಬರೆದಳು: "ಹೋಗು. ಕತ್ತಲಾಗೋಕ್ ಮುಂಚೆ ಬಂದ್ಬಿಡು."

ಪ್ರತಿಯು ಕಚೇರಿಗೆ ಬಂದಾಗ ರಾಮಾಂಜಿನಪ್ಪನವರು ಕನ್ನಡಕ ಏರಿಸಿ ಪರಿಶೀಲಿಸಿದರು. ದಿನಾಂಕ ಹಾಕಿರಲಿಲ್ಲ. ಅದನ್ನು ಹಾಕಿಸಿಕೊಂಡು ಬರಲು ನನ್ನನ್ನು ಬೈಕಿನಲ್ಲಿ ಗುಂಡುತೋಪಿನಹಳ್ಳಿಗೆ ಕಳಿಸಿದರು. ಹಾಕಿಸಿಕೊಂಡು ಬಂದೆ. ಈಗ ಎಲ್ಲವೂ ಕ್ರಮಬದ್ಧವಾಗಿದೆ.