ಹೊಲದಲ್ಲಷ್ಟೇ ದಣಿಯುವ ಟ್ರ್ಯಾಕ್ಟರ್

ನಮ್ಮ ಸೋದರಮಾವ ಟ್ರ್ಯಾಕ್ಟರ್ ಕೊಂಡರೆಂದು ದಂಡೋತಿಯ ಜನ ಇವತ್ತಿಗೂ ಹೇಳುತ್ತಾರೆ. ಶುದ್ಧ ಸುಳ್ಳು! ಅವರು ಕೊಂಡದ್ದು ಎತ್ತು. ಅದಕ್ಕೆ ಗಾಲಿಗಳಿದ್ದದ್ದು ಮಾರಿದವನ ತಪ್ಪು.

ಶಹಾಬಾದಿನ ಕಲ್ಲುಗಣಿಯವನೊಬ್ಬನ ಅಂಗಳದಲ್ಲಿ ಆ ಹಳೆಯ ಸಣ್ಣ ಡೀಸೆಲ್ ಟ್ರ್ಯಾಕ್ಟರನ್ನು ಮಾವ ಪರೀಕ್ಷಿಸಿದ್ದನ್ನು ನಾನೇ ಕಂಡಿದ್ದೇನೆ. ಬೆನ್ನು ತಟ್ಟಿದರು. ಹಿಂದೆ ನಿಂತು ನಡಿಗೆ ನೋಡಿದರು. ಕಡೆಗೆ ದೀಪಗಳನ್ನು ದಿಟ್ಟಿಸಿ, "ಕಣ್ಣು ಸ್ವಚ್ಛ ಅವ. ನಡಿ ಅಳಿಯಾ, ಹೊಡಕೊಂಡು ಹೋಗಮು" ಎಂದರು. ನಾನೋ, ಮಡ್‌ಗಾರ್ಡಿನ ಮೇಲೆ ಕೂತು, ಇಂಜಿನ್ ಸಿಡಿದರೆ ಯಾವ ಕಡೆ ಹಾರಬೇಕೆಂದು ಊರು ಮುಟ್ಟುವವರೆಗೂ ಯೋಚಿಸುತ್ತಿದ್ದೆ. ನಲವತ್ತು ದಾಟಿದವನು ಎಷ್ಟು ದೂರ ಹಾರಿಯಾನು?

ಮನೆಯಂಗಳದಲ್ಲಿ ಗುಡುಗುತ್ತಿದ್ದ ಗಾಡಿ, ಹೊಲಕ್ಕಿಳಿದು ಕುಂಟೆ ಎಳೆಯತೊಡಗಿದ ಕೂಡಲೇ ಕರಿ ಹೊಗೆ ಬಿಟ್ಟು, ದನಿ ಇಳಿಸಿ ತೆವಳುತ್ತಿತ್ತು. ಅದಕ್ಕೆ ಶಹಾಬಾದಿನ ನೆನಪು ಕಾಡುತ್ತಿದೆ ಎಂದರು ಮಾವ. ಎರಡು ದಿನ ಬಿಟ್ಟು ಅಜೀರ್ಣವೆಂದಾಯಿತು. ಡೀಸೆಲ್ಲನ್ನು ಚಿತ್ತಾಪುರದಿಂದ ತರಿಸಿದರು. ಚಿತ್ತಾಪುರದ್ದೂ ದಕ್ಕಲಿಲ್ಲ!

ವಾಡಿಯ ಮಿಸ್ತ್ರಿ ಮೂರು ಸಲ ಮನೆಗೆ ಬಂದ. ಫಿಲ್ಟರ್ ಬದಲಿಸಿದ, ನಾಝಲ್ ತೊಳೆದ, ಪಂಪಿಗೆ ಕಿವಿಯಿಟ್ಟ. ಅಂಗಳದಲ್ಲಿ ಗಾಡಿಗೆ ಯಾವ ರೋಗವೂ ಇಲ್ಲ. ರೋಗ ನಿಮ್ಮ ಹೊಲಕ್ಕೇ ಇರಬೇಕೆಂದು ಹೇಳಿ ಹೋದ.

ಅತ್ತೆಯ ತಾಳ್ಮೆ ಮುಗಿಯಿತು. ಬಿಳಿಜೋಳ ಬಿತ್ತಬೇಕಾದ ನೆಲದ ಹಸಿ ಆರುತ್ತಿತ್ತು. "ಅಮಾಸಿ ಒಳಗ ಹೊಲ ಹರಗಬೇಕು. ಇಲ್ಲಂದ್ರ ಇದನ್ನ ತಂದಲ್ಲೇ ಬಿಟ್ಟು ಬರ್ರಿ" ಎಂದರು. ಗಣಿಯವನೂ ವಾಪಸ್ ತೆಗೆದುಕೊಳ್ಳಲು ಒಪ್ಪಿದ್ದ. ಅಂದಿನಿಂದ ಮಾವ ಅರ್ಧ ರೊಟ್ಟಿಗೇ ಊಟದಿಂದ ಏಳತೊಡಗಿದರು.

ಅಮಾವಾಸ್ಯೆಯ ಹಿಂದಿನ ದಿನ ಮಿಸ್ತ್ರಿಯನ್ನು ನಾನು ನೇರ ಹೊಲಕ್ಕೇ ಕರೆದೊಯ್ದೆ. ಬದುವಿನ ಹತ್ತಿರ ಮಾವ ಗಾಡಿ ನಿಲ್ಲಿಸಿ ಇಳಿದರು. ಹೆಗಲ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ, ಬಾನೆಟ್ಟಿನ ಮೇಲಿನ ಗಾಳಿ ಕೊಳವೆಗೆ ಬಿಗಿಯಾಗಿ ಸುತ್ತಿ ಕಟ್ಟಿದರು. ದಿನವೂ ಹೊಲದಲ್ಲಿ ಕಟ್ಟಿ, ಮನೆಗೆ ಹೊರಟಾಗ ಬಿಚ್ಚುತ್ತಿದ್ದರು. ನಾನು ದಿನವೂ ನೋಡುತ್ತಿದ್ದೆ. ಗಾಡಿ ಸಿಡಿಯುವುದನ್ನೇ ಕಾಯುತ್ತಿದ್ದವನಿಗೆ ಅದು ಹೊಳೆಯಬೇಕಲ್ಲ!

"ಕಾಕಾ, ಇದೇನ್ ಕಟ್ಟಾಕತ್ತೀರಿ?" ಎಂದ ಮಿಸ್ತ್ರಿ.

"ಬಾಯಿಗಿ ಕುಕ್ಕೆ. ಬಾಜೂಕ ಮಂದೀದು ತೊಗರಿ ಅದ. ನಮ್ಮ ಎತ್ತು ಯಾವತ್ತರೆ ಬಾಯಿ ಬಿಟ್ಟುಕೊಂಡು ಈ ಹೊಲಕ್ಕ ಬಂದಾವೇನು? ಬೆಳಿಗಿ ಬಾಯಿ ಹಾಕಿದ್ರ ಮಂದಿ ಏನಂತಾರ?"

ಮಿಸ್ತ್ರಿ ನಗಲಿಲ್ಲ. "ಕಾಕಾ, ಇದು ಬಾಯಿ ಅಲ್ಲ. ಮೂಗು."

ಟವೆಲ್ ಬಿಚ್ಚಿದ್ದೇ ತಡ, ಗಾಡಿ ಕುಂಟೆಯನ್ನು ಎಳೆದುಕೊಂಡು ಆಚೆ ತುದಿ ಮುಟ್ಟಿ ತಿರುಗಿ ಬಂತು. ಒಂದು ಚೂರೂ ಹೊಗೆಯಿಲ್ಲ. ಗೆದ್ದೆವೆಂದು ನಾನು ಕೂಗಬೇಕು, ಅಷ್ಟರಲ್ಲಿ ಮಾವ ಇಂಜಿನ್ ಬಂದ್ ಮಾಡಿ ಇಳಿದರು. ಬಿಸಿ ಬಾನೆಟ್ಟಿನ ಮೇಲೆ ಅಂಗೈಯಿಟ್ಟರು.

"ಹದಿನೈದು ದಿನ ಉಸಿರು ಕಟ್ಟಿ ದುಡಿಸೀನಿ. ಒಂದು ದಿನಾನೂ ಒಲ್ಲೆ ಅನಲಿಲ್ಲ ನೋಡು" ಎಂದರು.

ಬುತ್ತಿ ಹೊತ್ತು ಬಂದ ಅತ್ತೆ ಹರಗದ ಹೊಲವನ್ನೂ ನಿಂತ ಗಾಡಿಯನ್ನೂ ನೋಡಿದರು. ಮಿಸ್ತ್ರಿ ನಡೆದದ್ದನ್ನು ಹೇಳಿದ. ಇವತ್ತೊಂದು ದಿನ ಇದು ಸುಧಾರಿಸಿಕೊಳ್ಳಲಿ ಎಂದರು ಮಾವ, ತಲೆಯೆತ್ತದೆ. ಗಡುವಿಗೆ ಉಳಿದಿದ್ದದ್ದೇ ಅದೊಂದು ದಿನ.

ಅತ್ತೆ ಬುತ್ತಿ ಇಳಿಸಿ, ಮಾವನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಸೆರಗಿನ ತುದಿಯಿಂದ ಬಾನೆಟ್ಟಿನ ದೂಳು ಒರೆಸುತ್ತ ಮೆಲ್ಲಗೆ ಹೇಳಿದರು:

"ನಾಳೆ ಅಮಾಸಿ, ಎತ್ತು ಹೂಡಂಗಿಲ್ಲ. ನಾಡಿದ್ದು ಹರಗ್ರಿ."