ನನ್ನ ಓಟಕ್ಕೆ ತಕ್ಕ ಹಾಡು

ಈ ಸಲದ ಐದು ಕಿಲೋಮೀಟರ್ ಓಟದಲ್ಲಿ ನಾನು ಓಡಿಯೇ ಸಿದ್ಧ! ಹೀಗೆಂದು ನಾನು ಘೋಷಿಸಿದ್ದು ನಮ್ಮ ಶಾಲೆಯ ಶಿಕ್ಷಕರ ಕೋಣೆಯಲ್ಲಿ, ಹದಿನೇಳು ಜನರೆದುರು, ಕರಿದ ಬೋರ್ಸೋಕ್ ಒಂದನ್ನು ಬಾಯಲ್ಲಿಟ್ಟುಕೊಂಡೇ. ಇಸಿಕ್‌ಕುಲ್ ಸರೋವರದ ದಂಡೆಯ ಈ ಹಳ್ಳಿಯಲ್ಲಿ ಇಪ್ಪತ್ತೆರಡು ವರ್ಷ ಭೂಗೋಳ ಕಲಿಸಿದವನು ನಾನು, ಸಾತಾರ್ ಮೇಷ್ಟ್ರು! ಪಾಮೀರಿನಿಂದ ಪೆಸಿಫಿಕ್‌ವರೆಗೆ ನಕ್ಷೆಯ ಮೇಲೆ ಬೆರಳು ಓಡಿಸಿದವನಿಗೆ ಐದು ಕಿಲೋಮೀಟರ್ ಯಾವ ಮಹಾ?

"ಭಾವ, ನಿಮಗೆ ಗೊತ್ತಿರೋದು ಊಟ. ಇದು ಓಟ!" ಎಂದ ಕಯ್ರಾತ್. ಅವನು ನನ್ನ ಹೆಂಡತಿಯ ತಮ್ಮ, ನಮ್ಮ ಶಾಲೆಯ ವ್ಯಾಯಾಮದ ಮೇಷ್ಟ್ರು ಬೇರೆ. ಎಲ್ಲರೂ ನಕ್ಕರು. ಎಂದೂ ನಗದ ಮುಖ್ಯೋಪಾಧ್ಯಾಯಿನಿಯೂ ನಕ್ಕರು. ಇನ್ನು ಹಿಂದೆ ಸರಿಯುವ ಮಾತೇ ಇಲ್ಲ.

ಮೊದಲ ದಿನ ಮನೆಯ ಗೇಟಿನಿಂದ ಮೂರನೇ ಏಪ್ರಿಕಾಟ್ ಮರದವರೆಗೆ ಓಡಿದೆ. ಅಲ್ಲಿ ಕೇಳಿದ ಸದ್ದಿಗೆ ಬೆಚ್ಚಿಬಿದ್ದೆ. ಯಾರೋ ಗರಗಸ ಹಾಕಿ ಹಸಿ ಮರ ಕೊಯ್ಯುತ್ತಿದ್ದಾರೆ! ಸುತ್ತ ನೋಡಿದರೆ ನರಪಿಳ್ಳೆ ಇಲ್ಲ. ಅದು ನನ್ನದೇ ಉಸಿರು!

"ಅದಕ್ಕೇ ಅಪ್ಪಾ, ಎಲ್ರೂ ಹಾಡು ಹಾಕ್ಕೊಂಡು ಓಡೋದು" ಎಂದಳು ಮಗಳು ನಾಜಿಕ್. "ಉಸಿರು ಕೇಳಿಸದಿದ್ರೆ ಹೆದರಿಕೆ ಆಗಲ್ಲ."

ತನ್ನ ಹಾಡುಗಳನ್ನು ಫೋನಿಗೆ ಹಾಕಿಕೊಟ್ಟಳು. ಹಾಡೆಂದರೆ ಹಾಡಲ್ಲ, ಢಮ್ ಢಮ್ ಢಮ್! ನನ್ನ ಎದೆಗೆ ಏನನ್ನಿಸಿತೋ, ಆ ತಾಳವನ್ನು ಹಿಡಿಯಲು ಹೊರಟಿತು. ತಾಳ ತಾಳಲಾರದೆ ನಾನೇ ಕುಸಿದೆ.

"ಅಯ್ಯೋ, ಸಮಾಧಾನವಾಗಿರೋದು ಕೇಳಿ" ಎಂದು ಹೆಂಡತಿ ಬುರುಲ್ ನಮ್ಮ ಕಾಲದ ಪ್ರೇಮಗೀತೆಗಳನ್ನು ಹಾಕಿಕೊಟ್ಟಳು. ಎರಡನೇ ಚರಣಕ್ಕೆ ಕಾಲು ನಿಧಾನವಾಯಿತು. ಮೂರನೆಯದಕ್ಕೆ ಕಾಲುವೆಯ ದಂಡೆಯಲ್ಲಿ ಕೂತುಬಿಟ್ಟಿದ್ದೆ. ಹಾಲಿನ ಕ್ಯಾನು ಹಿಡಿದು ಬಂದ ಬುರುಲ್ ನೋಡಿದಳು.

"ಯಾರನ್ನ ನೆನೆಸ್ಕೊಂಡ್ರಿ?"

"ಯಾರನ್ನೂ ಇಲ್ಲ!"

"ಮತ್ತೆ ಕಣ್ಣಲ್ಲಿ ನೀರು?"

"ಬೆವರು ಕಣೇ!"

"ಕಣ್ಣೊಳಗಿಂದ ಬೆವರು ಬರುತ್ತಾ? ನಿಮ್ಮ ಭೂಗೋಳದಲ್ಲಿ ಹಾಗಿದೆಯಾ?"

ಆ ರಾತ್ರಿಯ ಊಟಕ್ಕೆ ಮಾಂಸದ ಕಡುಬು, ಮಾಂತಿ, ಮಾಡುತ್ತೇನೆಂದಿದ್ದವಳು ಬರೀ ಬ್ರೆಡ್ಡು ಇಟ್ಟಳು.

ಕೊನೆಗೆ ಜ್ಞಾನೋದಯವಾಯಿತು. ನಾವು ಕುದುರೆಯ ಮೇಲೆ ಬೆಳೆದ ಜನ! ನನಗೆ ಬೇಕಾದದ್ದು ಕೋಮುಜ್! ಮೂರೇ ತಂತಿ, ಆದರೆ ನುಡಿಸುವವರು ನುಡಿಸಿದರೆ ನೂರು ಕುದುರೆಗಳು ಒಟ್ಟಿಗೆ ಹೊರಟಂತೆ. ಕುದುರೆ ಪಂದ್ಯಗಳಲ್ಲಿ ನುಡಿಸುವ ಒಂದು ಗತ್ತನ್ನು ಹುಡುಕಿ ತೆಗೆದೆ. ಕೇಳಿದರೆ ಕುರ್ಚಿಗೂ ಓಡಬೇಕೆನ್ನಿಸಬೇಕು! ಒಂದೇ ತೊಂದರೆ. ನಮ್ಮ ವಂಶದ ಕಿವಿಗಳಲ್ಲಿ ಇಯರ್‌ಫೋನ್ ನಿಲ್ಲುವುದಿಲ್ಲ, ಎರಡು ಹೆಜ್ಜೆಗೊಮ್ಮೆ ಉದುರುತ್ತದೆ. ಅದಕ್ಕೆ ಮಗಳ ಪುಟ್ಟ ಸ್ಪೀಕರನ್ನೇ ಶಾಲಿನಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಸಿಕೊಂಡೆ. ಬುರುಲ್ ಗಂಟು ಹಾಕಿದಳೆಂದರೆ ಕತ್ತರಿಯೇ ಬೇಕು.

ಓಟದ ಹಿಂದಿನ ದಿನ ಶನಿವಾರ ಬೆಳಿಗ್ಗೆ ಹೊರಟೆ. ಏನು ಹೇಳಲಿ! ಕಾಲುಗಳು ನನ್ನವೇ ಎಂದು ನಂಬಲಾಗಲಿಲ್ಲ. ಮೂರನೇ ಮರ ದಾಟಿತು. ಹತ್ತನೆಯದೂ ದಾಟಿತು! ಸೈರಾ ಅಪಾ ಮನೆಯ ಮುಂದೆ ಹಾದಾಗ ಅವರು ಆಲೂಗಡ್ಡೆ ಮೂಟೆ ಹೇರಿದ ಗಾಡಿಯ ಮೇಲೆ ಕೂತಿದ್ದರು. ಎಪ್ಪತ್ತೆಂಟರ ಅಜ್ಜಿ, ಊರಿಗೆಲ್ಲ ಅಪಾ, ಅಂದರೆ ಅಮ್ಮ. ಗಾಡಿಗೆ ಕಟ್ಟಿದ್ದು ಅವರ ಕುದುರೆ ತುಲ್ಪಾರ್. ಹಳೆಯ ಕಥೆಗಳ ರೆಕ್ಕೆಯ ಕುದುರೆಯ ಹೆಸರು ಅದು. ಒಂದು ಕಾಲದಲ್ಲಿ ಇದೂ ಸುತ್ತಲ ಊರಿನ ಪಂದ್ಯಗಳನ್ನೆಲ್ಲ ಗೆದ್ದಿತ್ತು. ನಾನು ಕೈಬೀಸಿ ಮುಂದೆ ಹಾರಿದೆ.

ನೂರು ಹೆಜ್ಜೆಯೂ ಆಗಿರಲಿಲ್ಲ. ಬೆನ್ನ ಹಿಂದೆ ಟಕ್ ಟಕ್ ಟಕ್!

ತಿರುಗಿ ನೋಡಿದೆ. ತುಲ್ಪಾರ್! ಗಾಡಿ, ಮೂಟೆ, ಅಜ್ಜಿ ಸಮೇತ! ಪಂದ್ಯದ ಗತ್ತು ಕೇಳಿ ಹಳೆಯ ರಕ್ತ ಎದ್ದುಬಿಟ್ಟಿದೆ! ಅಜ್ಜಿ ಕೈ ಎತ್ತಿ ಏನೋ ಕಿರುಚುತ್ತಿದ್ದಾರೆ. ಕೋಮುಜ್ ಅಬ್ಬರದಲ್ಲಿ ಒಂದಕ್ಷರ ಕೇಳಿಸದು. ಪಾಪ, ಕಾಪಾಡಿ ಎನ್ನುತ್ತಿರಬೇಕು! ಹಾಡು ನಿಲ್ಲಿಸೋಣವೆಂದರೆ ಗುಂಡಿ ಬೆನ್ನ ಮೇಲಿದೆ, ಗಂಟು ಬುರುಲ್‌ದು!

ಓಡಿದೆ. ಜೀವ ಕೈಯಲ್ಲಿ ಹಿಡಿದು ಓಡಿದೆ. ಮತ್ತೆ ತಿರುಗಿದರೆ ಕುದುರೆ ಇನ್ನೂ ಹತ್ತಿರ! ಶಾಲೆಯ ಕಿಟಕಿಗಳಲ್ಲೆಲ್ಲ ಮಕ್ಕಳ ತಲೆಗಳು. ಮೈದಾನದಲ್ಲಿದ್ದ ಕಯ್ರಾತ್‌ನ ಬಾಯಿಂದ ಸೀಟಿ ಕೆಳಗೆ ಬಿತ್ತು. ಡೇರಿಯಿಂದ ಬರುತ್ತಿದ್ದ ಬುರುಲ್ ಎದುರಾದಳು.

"ರೀ! ಎಲ್ಲಿಗ್ರೀ?"

"ಸಾಯೋಕೆ!"

ಕತ್ತಿನ ಮೇಲೆ ಬಿಸಿ ಉಸಿರು ತಗುಲಿತು. ಈ ಸಲ ಅದು ನನ್ನದಲ್ಲ! ಕಣ್ಣು ಮುಚ್ಚಿ ಪಕ್ಕದ ಕಾಲುವೆಗೆ ಹಾರಿದೆ. ಹಿಮ ಕರಗಿ ಹರಿಯುವ ನೀರು, ಉಸಿರೇ ನಿಂತಿತು. ಸ್ಪೀಕರ್ ಎರಡು ಸಲ ಗುಳುಗುಳು ಎಂದು ಪ್ರಾಣ ಬಿಟ್ಟಿತು. ಊರು ಒಮ್ಮೆಲೇ ಶಾಂತವಾಯಿತು. ಕುದುರೆ ದಂಡೆಗೆ ಬಂದು, ನನ್ನತ್ತ ನೋಡಿ, ಕತ್ತು ಬಗ್ಗಿಸಿ ನೀರು ಕುಡಿಯತೊಡಗಿತು.

ಕಯ್ರಾತ್, ಬುರುಲ್, ಅರ್ಧ ಶಾಲೆ, ಎಲ್ಲರೂ ಓಡಿ ಬಂದರು. ನಾನು ನೀರಲ್ಲೇ ಕೂತು ಕೈಮುಗಿದೆ.

"ಅಪಾ, ಕ್ಷಮಿಸಿಬಿಡಿ! ಈ ವಯಸ್ಸಲ್ಲಿ ನಿಮ್ಮನ್ನ ನಾಗಾಲೋಟದಲ್ಲಿ ಎಳ್ಕೊಂಡು ಬರೋ ಹಾಗಾಯ್ತು. ನನ್ನ ಹಾಡಿಂದ ಕುದುರೆಗೆ ಹುಚ್ಚು ಹಿಡೀತು!"

ಸೈರಾ ಅಪಾ ಮೂಟೆಗಳ ಮೇಲಿಂದ ಬಗ್ಗಿ ನನ್ನನ್ನೇ ದಿಟ್ಟಿಸಿದರು.

"ಯಾವ ನಾಗಾಲೋಟ ಮೇಷ್ಟ್ರೇ? ಅದಕ್ಕೆ ಕಿವಿ ಕೇಳಿಸದೇ ನಾಲ್ಕು ವರ್ಷ ಆಯ್ತು. ಮಂಡಿನೋವು ಬೇರೆ, ನಡ್ಕೊಂಡೇ ಬಂತಲ್ಲ!"

"ನಡ್ಕೊಂಡು?"

"ಹೂಂ. ಬಜಾರಿಗೆ ಹೊತ್ತಾಗುತ್ತೆ, ದಾರಿ ಬಿಡಿ, ದಾರಿ ಬಿಡಿ ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ನೀವು ರಸ್ತೆ ಮಧ್ಯದಿಂದ ಸರೀಲೇ ಇಲ್ಲ!"

ಕಯ್ರಾತ್ ಬೆನ್ನು ತಿರುಗಿಸಿ ನಿಂತಿದ್ದ, ಭುಜ ಕುಲುಕುತ್ತಿತ್ತು.

ಅಪಾ ಲಗಾಮು ಎಳೆದರು. ಹೊರಡುವ ಮುನ್ನ ಮರುಕದಿಂದ ಕೇಳಿದರು:

"ಬನ್ನಿ, ಮೂಟೆ ಮೇಲೆ ಜಾಗ ಇದೆ. ಇಲ್ಲ, ಓಡ್ಲೇಬೇಕು ಅಂತಿದ್ರೆ ದಯವಿಟ್ಟು ನಮ್ಮ ಹಿಂದೆ ಓಡಿ!"