ಕೇಳದಿದ್ದರೆ ಸೂತಕವಿಲ್ಲ

ನನ್ನ ಮೈದುನನಿಗೆ ಯಾರು ಎಲ್ಲಿಂದ ಬೇಕಾದರೂ ಫೋನ್ ಮಾಡಬಹುದು. ಸಿಗುವವನು ಮಾತ್ರ ಅವನಲ್ಲ!

ಹೊಳೆನರಸೀಪುರದಲ್ಲಿ ಅವನು ಪುರೋಹಿತ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲೂ ಕರೆಯುವವರಿದ್ದರು. ಮೊಬೈಲು ಕೊಂಡಮೇಲೂ ಅದರ ನಂಬರನ್ನು ಹೆಂಡತಿಗೂ ಕೊಡಲಿಲ್ಲ. "ಗೋತ್ರ ಒಂದು, ನಂಬರೂ ಒಂದೇ ಅತ್ತಿಗೆ" ಎನ್ನುವುದು ಅವನ ಪಾಲಿಸಿ. ಮನೆಯ ಲ್ಯಾಂಡ್‌ಲೈನೇ ಆ ನಂಬರು. ಹೊರಡುವಾಗ ಏನೋ ಕೋಡ್ ಒತ್ತಿ ಕಾಲ್‌ಗಳನ್ನು ಮೊಬೈಲಿಗೆ ತಿರುಗಿಸುತ್ತಿದ್ದ; ಸಿಗ್ನಲ್ ಸಿಗದ ಕಡೆಯಾದರೆ, ಪೂಜೆಗೆ ಹೋಗುವ ಮನೆಯವರ ಫೋನಿಗೆ. ಅವರಿಗೊಂದು ಮಾತು ಹೇಳಬೇಕಲ್ಲವೆ? ಅದೊಂದು ಅವನಿಗೆ ಹೊಳೆಯುತ್ತಿರಲಿಲ್ಲ.

ಚನ್ನರಾಯಪಟ್ಟಣದಲ್ಲಿ ಒಬ್ಬರ ಮನೆಯಲ್ಲಿ ಶ್ರಾದ್ಧ. ಪಿಂಡ ಇಡುವ ಹೊತ್ತಿಗೆ ಫೋನು. ಮಡಿಯಲ್ಲಿದ್ದ ಯಜಮಾನರು ಪಂಚೆಯ ತುದಿಯಲ್ಲಿ ರಿಸೀವರ್ ಹಿಡಿದರು.

"ಸಾಮಿ, ಮಲ್ಲಿಪಟ್ಟಣದಿಂದ. ಬೋರ್‌ವೆಲ್ ಪೂಜೆಗೆ ಯಾವಾಗ್ ಬತ್ತೀರಾ?"

"ಪುರೋಹಿತರು ನಾನಲ್ಲ ರೀ. ಇಲ್ಲಿ ನಮ್ಮಪ್ಪನ ಕಾರ್ಯ ನಡೀತಿದೆ."

"ಅಂಗಾರೆ ನಿಮ್ಮಪ್ಪಾರಿಗೇ ಕೊಡಿ ಸಾಮಿ!"

ಇದಾದಮೇಲೆ ಆನ್ಸರಿಂಗ್ ಮೆಷಿನ್ ಬಂತು. "ಗೋತ್ರ, ನಕ್ಷತ್ರ, ಊರು ಹೇಳಿ, ಆಮೇಲೆ ವಿಷಯ ತಿಳಿಸಿ" ಎಂದು ತಾನೇ ರೆಕಾರ್ಡ್ ಮಾಡಿದ. ವಿಷಯಕ್ಕೆ ಬರುವಷ್ಟರಲ್ಲಿ ಮೆಷಿನ್ ಕಟ್! ಒಂದು ತಿಂಗಳಲ್ಲಿ ಜಿಲ್ಲೆಯ ಗೋತ್ರಗಳೆಲ್ಲ ಅವನ ಬಳಿ ಜಮೆಯಾದವು. ವಿಷಯ ಒಂದೂ ಇಲ್ಲ.

ಒಂದು ಸಲ ನಾನು ಅಲ್ಲೇ ಉಳಿದುಕೊಂಡಿದ್ದೆ. ಬೆಳಿಗ್ಗೆ ಅವನು ಸ್ನಾನದಲ್ಲಿದ್ದಾಗ ಫೋನ್ ಬಂತು; ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ನಿಂತೂ ಹೋಯಿತು. ಮೆಷಿನ್‌ನ ಕೆಂಪು ದೀಪ ಮಿಣುಕತೊಡಗಿತು. ನಂಬರು ಹಾಸನದ ಆಸ್ಪತ್ರೆಯದು. ಅಲ್ಲಿದ್ದವರು ಇವನ ದೊಡ್ಡಪ್ಪ. ಮಕ್ಕಳಿಲ್ಲದ ಅವರು, ತಂದೆಯಿಲ್ಲದ ಇವನನ್ನು ಸಾಕಿ ಮಂತ್ರ ಕಲಿಸಿದ್ದರು. ಡಾಕ್ಟರು ಹಿಂದಿನ ದಿನವೇ ಕೈಚೆಲ್ಲಿದ್ದರು.

ಆ ದಿನವೇ ಅರಕಲಗೂಡಿನಲ್ಲಿ ಇವನು ಮಾಡಿಸಬೇಕಾದ ಮದುವೆ. ಹಿಂದೊಮ್ಮೆ ನಿಶ್ಚಿತಾರ್ಥ ಮುರಿದಿದ್ದ ಹುಡುಗಿ. ಈ ಮುಹೂರ್ತ ತಪ್ಪಿದರೆ ಬೇಡವೇ ಬೇಡ ಎಂದಿದ್ದರು ಗಂಡಿನವರು. ಲಗ್ನದ ಸೀಸನ್, ಬೇರೆ ಪುರೋಹಿತರು ಸಿಗುವುದಿಲ್ಲ. ಸಾವಿನ ಸುದ್ದಿ ಕಿವಿಗೆ ಬಿದ್ದರೆ ಇವನಿಗೆ ಸೂತಕ, ಮದುವೆ ಮಾಡಿಸುವಂತಿಲ್ಲ.

ಮೈದುನ ಮೆಷಿನ್ ಮೇಲೆ ಟವೆಲ್ ಹೊದಿಸಿದ. "ಕೇಳದಿದ್ದರೆ ಸೂತಕವಿಲ್ಲ ಅತ್ತಿಗೆ. ನೀವೂ ಯಾರಿಗೂ ಫೋನ್ ಮಾಡಬೇಡಿ. ನಿಮ್ಮ ಮುಖ ನೋಡಿದ್ರೆ ನಂಗೆ ಗೊತ್ತಾಗಿಬಿಡುತ್ತೆ."

ನಿಯಮದ ಸಂದಿನಲ್ಲಿ ನುಸುಳುವ ಇಂಥದ್ದಕ್ಕೆ ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಟೆಕ್ನಿಕಾಲಿಟಿ ಎನ್ನುತ್ತಿದ್ದರು. ಬಾಯಿ ಮುಚ್ಚಿಕೊಂಡು ನಾನೂ ಮದುವೆಗೆ ಹೋದೆ. ಧಾರೆ ಸಾಂಗವಾಗಿ ನಡೆಯಿತು. ಕಾಫಿಗೆ ಪ್ರಾಣ ಬಿಡುವ ಮನುಷ್ಯ ಅಂದು ಒಂದು ಗುಟುಕೂ ಕುಡಿಯಲಿಲ್ಲ.

ಸಂಜೆ ಮನೆಗೆ ಬಂದು ಟವೆಲ್ ತೆಗೆದು ಬಟನ್ ಒತ್ತಿದ. ಕ್ಷೀಣವಾದ ದನಿ.

"ಲೋ, ನಾನು ಕಣೋ, ದೊಡ್ಡಪ್ಪ. ಇಲ್ಲಿ ಇಡ್ಲಿ ಕಲ್ಲು. ಆ ಹುಡುಗಿ ಮದುವೆ ಮುಗಿಸ್ಕೊಂಡೇ ಬಾ. ಅಲ್ಲೀವರೆಗೂ ನಾನೆಲ್ಲೂ ಹೋಗಲ್ಲ."

ನಲವತ್ತು ದಾಟಿದ ಗಂಡಸು ನೆಲದಲ್ಲಿ ಕೂತು ಮಗುವಿನ ಹಾಗೆ ಅತ್ತ. ಸಿಕ್ಕಿದ ಬಸ್ ಹತ್ತಿ ಇಬ್ಬರೂ ಹಾಸನಕ್ಕೆ ಓಡಿದೆವು.

ದೊಡ್ಡಪ್ಪ ಕಣ್ಣು ತೆರೆದು ಕೇಳಿದ್ದು ಒಂದೇ. "ಮಂತ್ರ ತಪ್ಪಲಿಲ್ಲ ತಾನೆ?"

"ಒಂದು ಕಡೆ ತಪ್ಪಿತು ದೊಡ್ಡಪ್ಪ. ಧಾರೆ ಎರೆಸುವಾಗ, ಇಂಥವರ ಮೊಮ್ಮಗಳು ಅಂತ ಹೇಳೋ ಕಡೆ, ಬಾಯಲ್ಲಿ ನಿಮ್ಮ ಹೆಸರು ಬಂದ್ಬಿಡ್ತು."

ಬೈಗುಳ ಬಂತೆಂದೇ ನಾನು ತಿಳಿದೆ. ಅವರು ಇವನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.

"ನನ್ನ ಮೊಮ್ಮಗಳೇನೋ? ಹೆಸರೇನೋ ಅವಳದು?"